ಬಿಸಿಲಿಗೆ ಏರಿದ ನೀರು

ತೊಂಬತ್ತರ ದಶಕದ ಮೊದಲ ವರ್ಷಗಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದ ನನ್ನ ಸೋದರಮಾವ ಹಳೆಯ ಮಿನಿಬಸ್ಸೊಂದನ್ನು ಕೊಂಡು, ರಾಣೆಬೆನ್ನೂರಿನ ಗ್ಯಾರೇಜಿನಲ್ಲಿ ಸೀಟುಗಳನ್ನೆಲ್ಲ ಕೀಳಿಸಿ, ಮಲಗಲು ಹಲಗೆ, ನೀರಿನ ಡ್ರಮ್ಮು, ಸ್ಟೋವ್ ಇಡಲು ಕಟ್ಟೆ ಮಾಡಿಸಿದ್ದರು. ಅದರಲ್ಲೇ ಉಂಡು ಮಲಗುತ್ತ ಲಡಾಖಿನವರೆಗೆ ಹೋಗಿ ಬರಬೇಕೆಂಬುದು ಅವರ ಹಟ. ಮಾವ, ಅತ್ತೆ, ರಾಣೆಬೆನ್ನೂರಿನ ಒಬ್ಬ ಡ್ರೈವರ್, ಹಾವೇರಿಯಲ್ಲಿ ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದ ನಾನು. ನಾಲ್ಕೇ ಜನ.

ಮನಾಲಿ ಬಿಟ್ಟ ಎರಡನೆಯ ದಿನ ಬೆಳಿಗ್ಗೆ ರಸ್ತೆಗೆ ಅಡ್ಡವಾಗಿ ಹರಿಯುವ ಹಳ್ಳವೊಂದರ ಮುಂದೆ ನಿಂತೆವು. ಸೇತುವೆ ಇರಲಿಲ್ಲ. ಸುತ್ತ ಎಲ್ಲಿಯೂ ಒಂದು ಮರ, ಒಂದು ಮನೆ ಇಲ್ಲ. ಆಚೆ ದಡದಲ್ಲಿ ರಸ್ತೆ ಕೆಲಸದವರ ಎರಡು ಡೇರೆ ಮಾತ್ರ. ಅತ್ತೆ ಒಳಗೆ ಇನ್ನೂ ಮಲಗಿದ್ದರು.

ಡ್ರೈವರ್ ಇಳಿದು ಕೋಲು ಹಾಕಿ ನೋಡಿದ. "ಮೊಣಕಾಲಿಗಿಂತ ಕೆಳಗ ಐತ್ರಿ ಸಾಹುಕಾರ್ರ. ಈಗ ದಾಟಿಬಿಡೂಣು."

ಹಿಂದಿನ ಸಂಜೆ ಮಳೆ ಬಿದ್ದಿತ್ತು. ಈ ನೀರು ಅದರದೇ ಎಂದುಕೊಂಡೆ. ನಾನು ಬೆಳೆದದ್ದು ಕರ್ಜಗಿಯಲ್ಲಿ, ವರದಾ ಹೊಳೆಯ ದಂಡೆಗೆ. ಅಲ್ಲಿ ಹೊಳೆ ಬಂದರೆ ಯಾರೂ ಅವಸರ ಮಾಡುವುದಿಲ್ಲ. ಮಳೆ ನಿಂತು ಬಿಸಿಲು ಬಿದ್ದರೆ ನೀರು ಇಳಿಯುತ್ತದೆ. ಅಲ್ಲಿಯವರೆಗೆ ರೊಟ್ಟಿ ಗಂಟು ಬಿಚ್ಚಿ ಕೂಡುತ್ತಾರೆ.

"ನಿಲ್ಲೂಣು ಮಾವ. ಬಿಸಿಲು ಬಿದ್ದೈತಿ, ಮಧ್ಯಾಹ್ನದೊಳಗ ಇಳೀತೈತಿ," ಎಂದೆ.

"ಇದೇನು ನಮ್ಮೂರ ಹೊಳಿ ಅಲ್ಲರಿ," ಡ್ರೈವರ್ ಗೊಣಗಿದ.

"ನೀ ಗಾಡಿ ಹೊಡಿಯೋದು ನೋಡೋ ಮಾರಾಯಾ. ಅವ ಕಾಲೇಜು ಕಲ್ತಾನ," ಎಂದರು ಮಾವ.

ಅತ್ತೆ ಎದ್ದು ಅನ್ನಕ್ಕಿಟ್ಟರು. ಉಂಡ ಮೇಲೆ ನಾನು ದಂಡೆಯ ಒಂದು ಬಂಡೆಯ ಮೇಲೆ ಕೂತು ತಟ್ಟೆ ತೊಳೆದೆ. ಸ್ವಲ್ಪ ಹೊತ್ತಿಗೆ ಚೊಂಬು ತುಂಬಲು ಹೋದರೆ ಆ ಬಂಡೆ ಕಾಣಲಿಲ್ಲ. ನೀರು ಬೂದು ಬಣ್ಣಕ್ಕೆ ತಿರುಗಿತ್ತು, ಒಳಗೆ ಕಲ್ಲುಗಳು ಉರುಳುವ ಸದ್ದು. ತಲೆಯೆತ್ತಿದೆ. ಮೋಡವಿಲ್ಲ, ಬೆಟ್ಟದ ನೆತ್ತಿಯಲ್ಲಿ ಹಿಮ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಆಗ ಹೊಳೆಯಿತು. ಇದು ಮಳೆಯ ನೀರಲ್ಲ, ಹಿಮ ಕರಗಿದ ನೀರು. ಬಿಸಿಲು ಹೆಚ್ಚಿದಷ್ಟೂ ಇದು ಏರುತ್ತದೆ. ನಾವು ದಾಟಬೇಕಾಗಿದ್ದದ್ದು ಬೆಳಿಗ್ಗೆಯೇ.

ಹೇಳಬೇಕಿತ್ತು. ಇವತ್ತು ಇಲ್ಲೇ ಉಳಿದು ನಾಳೆ ನಸುಕಿನಲ್ಲಿ ದಾಟೋಣ ಎಂದಿದ್ದರೆ ಅಷ್ಟೇ ಸಾಕಿತ್ತು. ಡ್ರೈವರ್ ಎದುರಿಗೆ ನನ್ನ ಮಾತು ಸುಳ್ಳಾಗುತ್ತದಲ್ಲ ಎಂದು ನಾಚಿಕೆಯಾಯಿತು. ಚೊಂಬು ತುಂಬಿ ತಂದಿಟ್ಟೆ.

ಎರಡು ಗಂಟೆಯ ಹೊತ್ತಿಗೆ ಬೆಟ್ಟದ ಹಿಂದೆ ಕಪ್ಪು ಮೋಡ ಕಾಣಿಸಿತು. ಮಾವನಿಗೆ ಗಾಬರಿಯಾಯಿತು. "ಮಳಿ ಹಿಡದ್ರ ಮೂರು ದಿನ ಇಲ್ಲೇ ಕೊಳೀಬೇಕಾಗತೈತಿ. ಲಗೂ ದಾಟಸೋ." ಈ ಸಲ ಕೋಲು ಹಾಕಿ ಆಳ ನೋಡುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ.

ಕೆಲಸದವರು ತಾವು ನಡೆದು ದಾಟಲು ತುಸು ಮೇಲ್ಗಡೆ ಹಾಕಿಕೊಂಡಿದ್ದ ಎರಡು ದಿಮ್ಮಿಗಳ ಮೇಲೆ ಮಾವನೂ ನಾನೂ ನಡೆದು ದಾಟಿದೆವು. ಅತ್ತೆಗೆ ಮೊಣಕಾಲು ನೋವು. "ನಾ ಏನು ಸರ್ಕಸ್ಸಿನಾಕೆನ? ಗಾಡ್ಯಾಗ ಕುಂತ ಬರ್ತೀನಿ ಹೋಗ್ರಿ," ಎಂದು ಒಳಗೇ ಉಳಿದರು.

ಗಾಡಿ ನಡುನೀರಿಗೆ ಬಂದಾಗ ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ನೀರು ಬಾಗಿಲಿನ ಅರ್ಧಕ್ಕೆ ಬಡಿಯುತ್ತಿತ್ತು. ಹಿಂದಿನ ಗಾಲಿ ಒಂದು ಗೇಣು ಜಾರಿತು, ಮತ್ತೊಂದು ಗೇಣು. ಎರಡು ಮಾರು ಕೆಳಗೆ ರಸ್ತೆಯ ಅಂಚು, ಅದರಾಚೆ ಕಣಿವೆ.

"ಏ ಇವಳ, ಗಟ್ಟಿ ಹಿಡ್ಕೋ! ಬಿಡಬ್ಯಾಡ!" ಮಾವ ನೀರಿಗಿಳಿಯಲು ಹೋದರು. ಕೆಲಸದವರಿಬ್ಬರು ಅವರನ್ನು ಹಿಂದಕ್ಕೆಳೆದರು. ನಾನು ನಿಂತಲ್ಲೇ ನಿಂತಿದ್ದೆ. ಕಿಟಕಿಯ ಗಾಜಿನ ಹಿಂದೆ ಅತ್ತೆಯ ಮುಖ ಕಾಣುತ್ತಿತ್ತು. ನಮ್ಮನ್ನೇ ನೋಡುತ್ತಿದ್ದರು.

ಕೆಲಸದವನೊಬ್ಬ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ, ಉಳಿದವರು ಹಗ್ಗ ಹಿಡಿದರು. ಆಗ ನಾನೂ ಓಡಿ ಹಿಡಿದೆ. ಡ್ರೈವರ್ ಕಿಟಕಿಯಿಂದ ಅತ್ತೆಯನ್ನು ಹೊರಗೆ ನೂಕಿದ. "ಕಣ್ಣು ಮುಚ್ಚರಿ ಅಮ್ಮಾರ, ಅವನ ಕುತ್ತಿಗಿ ಹಿಡೀರಿ!" ಆ ಮನುಷ್ಯ ಅವರನ್ನು ಬೆನ್ನ ಮೇಲೆ ಹೊತ್ತು ತಂದ. ಎರಡನೆಯ ಸಲ ಡ್ರೈವರನ್ನು ಕರೆತಂದು ದಡ ಮುಟ್ಟಿಸುವಷ್ಟರಲ್ಲಿ ಗಾಡಿ ಜಾರಿ ವಾಲಿ, ಅಂಚಿನ ಬಂಡೆಗೆ ಒರಗಿ ನಿಂತಿತು.

ಡೇರೆಯಲ್ಲಿ ಅತ್ತೆಗೆ ಮೂರು ಕಂಬಳಿ ಹೊದಿಸಿದರು. ಹಲ್ಲು ಕಟಕಟ ಎನ್ನುತ್ತಿದ್ದಾಗಲೇ ಡ್ರೈವರ್ ಬೆಳಗಿನ ನೀರಿನ ಸುದ್ದಿ ತೆಗೆದ. "ಮುಂಜಾನೆ ದಾಟೂಣು ಅಂದ್ರ ನಿಲ್ಲಸ್ದವ್ರು ಯಾರು?" ಎಂದು ಅತ್ತೆ ಕೇಳಿದರು. ಡ್ರೈವರ್ ನನ್ನ ಕಡೆ ನೋಡಿದ.

"ನಾನ," ಎಂದರು ಮಾವ.

"ಬುದ್ಧಿ ಐತೇನ್ರಿ ನಿಮಗ? ಬರೇ ಮೆಣಸಿನಕಾಯಿ ತೂಗೂದು ಗೊತ್ತು!"

ಬ್ಯಾಡಗಿಯ ಮನೆಗೆ ನೆಂಟರು ಬಂದಾಗಲೆಲ್ಲ ಅತ್ತೆ ಈ ಕತೆಯನ್ನು ನಗುತ್ತ ಹೇಳುತ್ತಾರೆ, ಮಾವ ಬೈಸಿಕೊಳ್ಳುತ್ತಾರೆ. ನಿಲ್ಲಿಸಿದವನು ನಾನೆಂದು ಮಾವನಿಗೆ ಗೊತ್ತು, ಅದನ್ನು ಅವರು ಬಾಯಿ ಬಿಟ್ಟು ಹೇಳಿಲ್ಲ. ನೀರು ಏರುವುದನ್ನು ಕಣ್ಣಾರೆ ಕಂಡು, ತಿಳಿದೂ, ಅತ್ತೆಯನ್ನು ಆ ಗಾಡಿಯಲ್ಲಿ ಕೂರಲು ಬಿಟ್ಟೆನೆಂಬುದು ಮಾತ್ರ ಅವರಿಗೂ ಗೊತ್ತಿಲ್ಲ.