ನನ್ನ ರಕ್ತದ ಅನುಮಾನ

ಚಟ್ನಿಯನ್ನು ಅನುಮಾನದಿಂದ ನೋಡುವವರು ಲೋಕದಲ್ಲಿ ಬಹಳ ಮಂದಿ ಇರಲಾರರು. ಸಾರಿಗೆ ಉಪ್ಪು ಹೆಚ್ಚಾಯಿತೇ, ಪಲ್ಯ ಹಳಸಿತೇ ಎಂದು ಶಂಕಿಸುವವರುಂಟು. ಆದರೆ ಎಲೆಯ ಮೂಲೆಯಲ್ಲಿ ಅಂಗೈಯಗಲವೂ ಇಲ್ಲದೆ ಕುಳಿತ ಆ ಬಡ ಪದಾರ್ಥವನ್ನು, ಪೊಲೀಸರು ಲಾಡ್ಜಿನ ರಿಜಿಸ್ಟರು ನೋಡುವಂತೆ ನೋಡುವವಳು, ನನಗೆ ತಿಳಿದ ಮಟ್ಟಿಗೆ, ತುಮಕೂರಿನಲ್ಲಿ ನಾನೊಬ್ಬಳೇ. ತರ್ಕಶಾಸ್ತ್ರದಲ್ಲಿ ಅನುಮಾನವೂ ಒಂದು ಪ್ರಮಾಣವೆಂದು, ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ ಗರ್ವದಿಂದ ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ. ನಿಜ ಹೇಳಬೇಕೆಂದರೆ ಇದು ಶಾಸ್ತ್ರದ ಮಾತಲ್ಲ, ಕಡಲೆಬೀಜದ ಮಾತು. ಅದರ ಪ್ರಮಾಣ ಎಷ್ಟೇ ಅಲ್ಪವಾದರೂ ನನ್ನ ಪ್ರಾಣಕ್ಕೆ ಪ್ರಮಾದ.

ಇದು ಹುಟ್ಟಿನಿಂದ ಬಂದದ್ದಲ್ಲ. ಮೂವತ್ತೆರಡನೆಯ ವಯಸ್ಸಿನವರೆಗೂ ಕಡಲೆಕಾಯಿಯನ್ನು ಸೇರುಗಟ್ಟಲೆ ಮುಕ್ಕಿದವಳು ನಾನು. ಕುಣಿಗಲ್ಲಿನ ಒಂದು ಮದುವೆಯಲ್ಲಿ ಎರಡನೆಯ ಸಲ ಚಿತ್ರಾನ್ನ ಬಡಿಸಿಕೊಂಡದ್ದು ನೆನಪಿದೆ; ಆಮೇಲೆ ತುಟಿ ಊದಿದ್ದು, ಮೈಯೆಲ್ಲ ದದ್ದು ಎದ್ದದ್ದು, ಗಂಟಲೊಳಗೆ ಯಾರೋ ಬಾಗಿಲು ಹಾಕುತ್ತಿರುವ ಹಾಗೆ ಉಸಿರು ಸಣ್ಣಗಾದದ್ದು. ಆಸ್ಪತ್ರೆಯ ಡಾಕ್ಟರು ಸೂಜಿ ಚುಚ್ಚಿ ಬದುಕಿಸಿ, ಇನ್ನು ಜನ್ಮದಲ್ಲಿ ಕಡಲೆಬೀಜ ಮುಟ್ಟಬೇಡಿ ಎಂದರು. ಅಂದಿನಿಂದ ಅವರು ಬರೆದುಕೊಟ್ಟ ಚುಚ್ಚುಮದ್ದು ನನ್ನ ಬ್ಯಾಗಿನಲ್ಲೂ, ಒಂದು ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲೂ ಇವೆ.

ಪ್ರಶ್ನೆ ಕೇಳಿದರೆ ಉತ್ತರ ಸಿಗುತ್ತದೆಂಬ ಭರವಸೆಯೇನೂ ಇಲ್ಲ. ಗುಬ್ಬಿಯಿಂದ ಬಿದರೆಹಳ್ಳಿ ಕಾವಲಿನ ಕಡೆ ಹೋಗುವ ರಸ್ತೆಯ ಒಂದು ಹೋಟೆಲಿನಲ್ಲಿ, ಚಟ್ನಿಗೆ ಕಡಲೆಕಾಯಿ ಹಾಕಿದ್ದೀರಾ ಎಂದು ಕೇಳಿದ್ದಕ್ಕೆ, ಮಾಲೀಕರು ಎದೆ ಮುಟ್ಟಿಕೊಂಡು, "ದೇವ್ರಾಣೆ ಇಲ್ಲ ಮೇಡಂ, ಬರೀ ಕಡ್ಲೆಬೀಜ" ಎಂದಿದ್ದರು. ಸಿಪ್ಪೆ ಸುಲಿದೊಡನೆ ಪದಾರ್ಥಕ್ಕೆ ಪುನರ್ಜನ್ಮ ಬರುತ್ತದೆಂಬ ಈ ಸಿದ್ಧಾಂತ ಕೇಳಿದ ಮೇಲೆ ನಾನು ಎರಡು ಹೆಸರನ್ನೂ ಹೇಳಿಯೇ ಕೇಳುತ್ತೇನೆ. ಬೀಗರ ಮನೆಗಳಲ್ಲಿ ನನಗೆ 'ಇನ್ಸ್‌ಪೆಕ್ಟರಮ್ಮ' ಎಂಬ ಬಿರುದಿದೆ. ಬಹುಮಾನವೋ ಅವಮಾನವೋ ತಿಳಿಯದೆ ಧರಿಸಿಕೊಂಡಿದ್ದೇನೆ.

ಹೀಗಿರುವಾಗ, ಅಮೃತೂರಿನಲ್ಲಿರುವ ನನ್ನ ತಂಗಿ ಗಿರಿಜಳ ಮಗಳು ಸುಮ ಆಹಾರ ವಿಜ್ಞಾನ ಓದಿ, ತುಮಕೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆಗೆ ಕುಳಿತಳು. ಒಂದು ದಿನ ಮನೆಗೆ ಬಂದು, ಕಡಲೆಬೀಜದ ಅಲರ್ಜಿ ಕಡಿಮೆ ಮಾಡುವ ಕೆಲಸ ತನ್ನದೆಂದೂ, ಅದಕ್ಕೆ ನನ್ನ ರಕ್ತ ಬೇಕೆಂದೂ ಕೇಳಿದಳು. ಅನುಮಾನದಿಂದ ನೋಡಿದೆ. ಅವಳು ತಾಳ್ಮೆಯಿಂದ ತಿಳಿಸಿದಳು: ಕಡಲೆಬೀಜದಲ್ಲಿರುವ ಪ್ರೋಟೀನನ್ನು ನನ್ನ ರಕ್ತ ಶತ್ರುವೆಂದು ಗುರುತಿಟ್ಟುಕೊಂಡಿದೆ, ಕಂಡೊಡನೆ ಕೂಗೆಬ್ಬಿಸುತ್ತದೆ. ಕಿಣ್ವಗಳು ಆ ಪ್ರೋಟೀನನ್ನು ಚೂರು ಚೂರಾಗಿ ಕತ್ತರಿಸುತ್ತವೆ, ಹೊಟ್ಟೆಯೊಳಗೆ ಊಟ ಅರಗುವ ಹಾಗೆಯೇ. ಕತ್ತರಿಸಿದ ಮೇಲೂ ರಕ್ತ ಗುರುತು ಹಿಡಿಯುತ್ತದೆಯೇ ಎಂಬುದನ್ನು ಗಾಜಿನ ಕೊಳವೆಯೊಳಗೆ ನೋಡುವುದು ಅವಳ ಕೆಲಸ. ಅಂದರೆ, ಇಷ್ಟು ವರ್ಷ ನಾನು ಊರೂರಲ್ಲಿ ಮಾಡಿದ ತಪಾಸಣೆಯನ್ನು ಇನ್ನು ನನ್ನ ರಕ್ತ ನಾನಿಲ್ಲದೆಯೇ ಮಾಡುತ್ತದೆ. ಆ ಗೌರವಕ್ಕೆ ಮನಸೋತು ಕೈ ಚಾಚಿದೆ.

ನಾಲ್ಕು ವರ್ಷವಾಯಿತು. ಸುಮಳಿಗೆ ಡಾಕ್ಟರೇಟ್ ಬಂತು. ಗಿರಿಜ ಊಟಕ್ಕೆ ಕರೆದಳು. ಗಿರಿಜಳಿಗೆ ಯಾರನ್ನೂ ಅನುಮಾನಿಸಿ ಗೊತ್ತಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿಗೆ ಬ್ಯಾಗು ಕೊಟ್ಟು ಹೂವು ಕೊಳ್ಳಲು ಇಳಿಯುವವಳು. ಒಂದೇ ತಾಯಿಯ ಹೊಟ್ಟೆಯಲ್ಲಿ ನಾವಿಬ್ಬರೂ ಹೇಗೆ ಹುಟ್ಟಿದೆವೋ ಕಾಣೆ.

ರಾಗಿರೊಟ್ಟಿ ಬಡಿಸಿ, ಪಕ್ಕಕ್ಕೆ ಚಟ್ನಿ ಹಾಕಿ, ಗಿರಿಜ ನನ್ನೆದುರೇ ನಿಂತಳು. ವಾಸನೆ ನನಗೆ ಮೊದಲು ತಟ್ಟಿತು. ಹುರಿದ ಕಡಲೆಬೀಜ, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ತಲೆಯೆತ್ತಿ ನೋಡಿದರೆ ಅವಳ ಕಣ್ಣು ತುಂಬಿತ್ತು. "ಮಗಳೇ ಮಾಡಿರೋ ಪುಡಿ ಕಣಕ್ಕ. ಅಲರ್ಜಿ ಎಲ್ಲ ಕತ್ತರ್ಸಿ ತೆಗ್ದವ್ಳೆ. ಸ್ವಲ್ಪ ಕಹಿ ಇತ್ತು, ಬೆಲ್ಲ ಹಾಕಿದೀನಿ. ಇಪ್ಪತ್ತೆಂಟ್ ವರ್ಷ ಆಯ್ತು ನೀನು ನನ್ ಚಟ್ನಿ ತಿಂದು."

ಸುಮ ತಾಯಿಗೆ ತೋರಿಸಲೆಂದು ಪ್ರಯೋಗಾಲಯದಿಂದ ಸಣ್ಣ ಬಾಟಲಿಯಲ್ಲಿ ತಂದಿದ್ದ ಪುಡಿ ಅದು.

ಓದುಗರೇ, ಜೀವಮಾನವಿಡೀ ಅನುಮಾನವನ್ನೇ ಉಂಡವಳು ಆ ಕ್ಷಣ ಏನು ಮಾಡಬೇಕಿತ್ತೆಂದು ನಿಮಗೂ ಗೊತ್ತು, ನನಗೂ ಗೊತ್ತು. ನಾನು ಮಾಡಿದ್ದು ಅದಲ್ಲ. ಅಪರಿಚಿತರ ಚಟ್ನಿಯನ್ನು ಶಂಕಿಸುವುದು ಸುಲಭ. ಇಪ್ಪತ್ತೆಂಟು ವರ್ಷ ಲೆಕ್ಕವಿಟ್ಟುಕೊಂಡು ಕಾದ ತಂಗಿಯ ಚಟ್ನಿಯನ್ನು ಹೇಗೆ ಶಂಕಿಸುವುದು? ಬಾಯಲ್ಲಿ ನೀರೂರಿತ್ತೆಂಬುದನ್ನೂ ಮುಚ್ಚಿಡಲಾರೆ. ರೊಟ್ಟಿ ಮುರಿದು ಚಟ್ನಿಗೆ ಅದ್ದಿದೆ.

ಹಿತ್ತಲಿನಿಂದ ಕೈ ತೊಳೆದು ಬಂದ ಸುಮ ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಬಾಟಲಿ ಒಲೆಯ ಪಕ್ಕ ಖಾಲಿಯಾಗಿ ಕುಳಿತದ್ದು ಅವಳಿಗೆ ಕಂಡಿರಬೇಕು. ಓಡಿಬಂದು ನನ್ನ ಮಣಿಕಟ್ಟು ಹಿಡಿದಳು. ಅವಳ ಕೈಯಿನ್ನೂ ಒದ್ದೆಯಾಗಿತ್ತು.

"ಬಾಯಿಗೆ ಹೋಯ್ತಾ ದೊಡ್ಡಮ್ಮ?"

ಇಲ್ಲವೆಂದು ತಲೆಯಾಡಿಸಿದೆ.

"ಅಲರ್ಜಿ ಕಮ್ಮಿ ಆಗಿದೆ ಅಂತ ನೀನೇ ಅಂದ್ಯಲ್ಲ" ಎಂದಳು ಗಿರಿಜ.

"ಕಮ್ಮಿ ಅಂದೆ ಅಮ್ಮ, ಇಲ್ಲ ಅನ್ಲಿಲ್ಲ." ಸುಮ ನನ್ನ ಕಡೆ ತಿರುಗಿದಳು. "ನಿನ್ ರಕ್ತ ಇನ್ನೂ ಗುರುತು ಹಿಡೀತಾ ಇದೆ ದೊಡ್ಡಮ್ಮ."

ಸೋಪು ಹಾಕಿ ಕೈ ತೊಳೆಸಿದಳು. ಅಷ್ಟರಲ್ಲೇ ಬೆರಳ ಸಂದಿಯಲ್ಲಿ ತುರಿಕೆ ಎದ್ದು ಕೆಂಪಗಾಗಿತ್ತು. ನನ್ನ ಬ್ಯಾಗಿನ ಚುಚ್ಚುಮದ್ದನ್ನು ಕೈಯಲ್ಲಿ ಹಿಡಿದು, ಎರಡು ಗಂಟೆ ನನ್ನ ಎದುರೇ ಕುಳಿತು ಉಸಿರು ನೋಡುತ್ತಿದ್ದಳು. ಚುಚ್ಚುವ ಅಗತ್ಯ ಬರಲಿಲ್ಲ. ಕುಳಿತಲ್ಲೇ ಅವಳು ಹೇಳಿದಳು: ಫೋಟೋ ಹರಿದು ಚೂರು ಮಾಡಿದರೂ ಮೀಸೆಯ ಚೂರೊಂದು ಸಿಕ್ಕರೆ ಮನುಷ್ಯನ ಗುರುತು ಸಿಗುವ ಹಾಗೆ, ಕಿಣ್ವ ಕತ್ತರಿಸಿದ ಮೇಲೂ ಕೆಲವು ಚೂರುಗಳು ಉಳಿಯುತ್ತವೆ. ಆ ಪುಡಿಯನ್ನು ಯಾವ ಮನುಷ್ಯರೂ ತಿಂದು ನೋಡಿಲ್ಲ. ಬಾಟಲಿ ಹೊರಗೆ ತಂದದ್ದೇ ತನ್ನ ತಪ್ಪು, ನಾಳೆ ಹೋಗಿ ತನ್ನ ಗುರುಗಳಿಗೆ ಹೇಳುತ್ತೇನೆ ಎಂದಳು. ಡಾಕ್ಟರೇಟ್ ಪಡೆದ ವಾರದಲ್ಲೇ ತನ್ನ ಕೆಲಸವನ್ನು ಇಷ್ಟು ಸಂಶಯದಿಂದ ನೋಡುವವಳನ್ನು ನಾನು ಕಂಡಿರಲಿಲ್ಲ. ಲೋಕವೆಲ್ಲ ನಂಬಿ ನಂಬಿ ಎಂದು ಮಾರುತ್ತಿರುವಾಗ, ನಂಬಬೇಡ ಎಂದವಳ ಮೇಲೆ ನನಗೆ ಮೊದಲ ಬಾರಿಗೆ ಪೂರ್ತಿ ನಂಬಿಕೆ ಹುಟ್ಟಿತು.

ಗಿರಿಜ ಚಟ್ನಿಯನ್ನು ಹಿತ್ತಲಿನ ಗುಂಡಿಗೆ ಸುರಿದು ಮಣ್ಣು ಮುಚ್ಚಿದಳು. ಪಾತ್ರೆಗಳನ್ನು ತೊಳೆದದ್ದನ್ನೇ ತೊಳೆದಳು. ಸಂಜೆ ಬಸ್ಸು ಹತ್ತಿಸುವಾಗ ಮಾತ್ರ, "ನನ್ ಕೈಯಾರೆ ಹಾಕ್ಬಿಡ್ತಿದ್ದೆ ಅಕ್ಕ" ಎಂದಳು. ನಾನೂ ಕೈಯಾರೆ ತಿನ್ನುತ್ತಿದ್ದೆನಲ್ಲ ಎಂದೆ. ಅದು ಸಮಾಧಾನದ ಮಾತಾಗಿತ್ತೋ ಇಲ್ಲವೋ.

ತಿಂಗಳಾದ ಮೇಲೆ ಹೊಸ ಕಿಣ್ವವೊಂದರ ಪ್ರಯೋಗಕ್ಕೆ ಸುಮ ಮತ್ತೆ ನನ್ನ ರಕ್ತ ಕೇಳಿದಳು. ಹೋಲಿಕೆಗೆ, ಅಲರ್ಜಿ ಇಲ್ಲದವರ ರಕ್ತವೂ ಬೇಕಂತೆ. ಯಾರೂ ಕರೆಯದೆಯೇ ಗಿರಿಜ ಅಮೃತೂರಿನಿಂದ ಮೊದಲ ಬಸ್ಸು ಹಿಡಿದು ಬಂದಳು. ಪ್ರಯೋಗಾಲಯದಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತು ತೋಳು ಚಾಚಿದೆವು. ನರ್ಸಮ್ಮ ಹತ್ತಿಯಿಂದ ಒರೆಸಿ, ಗಿರಿಜಳ ಕಡೆ ಬಾಗಿದಳು.

ಗಿರಿಜ ಕೈ ಹಿಂದಕ್ಕೆ ಎಳೆದುಕೊಂಡಳು. "ಸೂಜಿ ಹೊಸದಾ?"

ಹೊಸದೇ ಎಂದಳು ನರ್ಸಮ್ಮ.

"ಕವರ್ ಹರ್ಯೋದನ್ನ ನಾನು ನೋಡ್ಲಿಲ್ಲ" ಎಂದಳು ನನ್ನ ತಂಗಿ. ಬೇರೆ ಸೂಜಿ ಬರುವವರೆಗೂ ಕೈ ಕೊಡಲಿಲ್ಲ. ಬಂದ ಮೇಲೂ ಮೊದಲು ನನ್ನ ತೋಳಿಗೆ ಇನ್ನೊಂದು ಹೊಸ ಸೂಜಿ ಹಾಕುವುದನ್ನು ಕಣ್ಣಿಟ್ಟು ನೋಡಿ, ತನ್ನ ಸೂಜಿಯ ಕವರನ್ನು ಕೈಗೆ ತೆಗೆದುಕೊಂಡು, ಇಂಗ್ಲಿಷು ಬಾರದಿದ್ದರೂ ಅದರ ಮೇಲಿದ್ದದ್ದನ್ನೆಲ್ಲ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು.