ಹೊಸ ಕಂಪ್ಯೂಟರ್ ಅಳಿಸಿದ ಕುಂಕುಮ

ಹದಿನಾರು ವರ್ಷ ಒಂದೇ ಕಂಪ್ಯೂಟರಿನ ಮುಂದೆ ಕೂತವಳು ನಾನು. ರಾಮನಗರದ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ನಾಮಕರಣದ ಕಾರ್ಡು, ಫ್ಲೆಕ್ಸು, ತಿಥಿಯ ಫೋಟೊ ಎಲ್ಲ ಡಿಸೈನ್ ಮಾಡಿಕೊಡುತ್ತೇನೆ. ಆ ಕಂಪ್ಯೂಟರ್ ತಂದವರು ನನ್ನ ಯಜಮಾನರು, ಕೆಲಸ ಕಲಿಸಿದವರೂ ಅವರೇ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಅಂದಿನಿಂದ ಅಂಗಡಿಯನ್ನು ಒಬ್ಬಳೇ ನಡೆಸಿಕೊಂಡು ಬಂದಿದ್ದೇನೆ. ಯಾವ ಕೆಲಸಕ್ಕೆ ಯಾವ ಗುಂಡಿ ಒತ್ತಬೇಕು ಅಂತ ಯಾರಾದರೂ ಕೇಳಿದರೆ ಬಾಯಲ್ಲಿ ಹೇಳಲು ನನಗೆ ಬರುತ್ತಿರಲಿಲ್ಲ, ಬೆರಳುಗಳಿಗೆ ಮಾತ್ರ ಗೊತ್ತಿತ್ತು.

ಈ ವರ್ಷ ಅದು ಕೈಕೊಟ್ಟಿತು. ಮೊದಮೊದಲು ಗಿರಾಕಿಗಳು ಕಳಿಸಿದ ಫೈಲುಗಳು ತೆರೆಯಲೊಲ್ಲವು. ಆಮೇಲೆ ಒಂದು ಸೋಮವಾರ ಸ್ವಿಚ್ ಒತ್ತಿದರೆ ಸದ್ದೇ ಇಲ್ಲ. ರಿಪೇರಿಯವನು ಬಂದು ಮುಚ್ಚಳ ಬಿಚ್ಚಿ ನೋಡಿದ. "ಅಕ್ಕಾ, ಇದ್ರ ಪಾರ್ಟು ಎಲ್ಲೂ ಸಿಗಲ್ಲ. ಯಾವುದಾದ್ರೂ ಮ್ಯೂಸಿಯಮ್ಮಿಗೆ ಕೊಟ್ಬುಡಿ" ಅಂದು ನಕ್ಕ. ಅವನ ಮೂತಿಗೆ ಒಂದು ಬಿಡೋಣ ಅನ್ನಿಸಿತು. ಆದರೆ ಅವನು ಹೇಳಿದ್ದು ನಿಜವಾಗಿತ್ತು, ಆ ವಾರವೇ ಹೊಸದು ತರಿಸಿದೆ.

ಹೊಸ ಕಂಪ್ಯೂಟರ್ ಜೊತೆಗೆ ಹೊಸ ಸಾಫ್ಟ್‌ವೇರೂ ಬಂತು. ಅದನ್ನು ತೆರೆಯಲು ಇಂಟರ್ನೆಟ್ ಬೇಕು, ಪಾಸ್‌ವರ್ಡ್ ಬೇಕು, ಅದರ ಮೇಲೆ ಫೋನಿಗೊಂದು ಕೋಡ್ ಬರಬೇಕು. ನನ್ನದೇ ಅಂಗಡಿಯೊಳಕ್ಕೆ ಹೋಗಲು ನಾನು ಯಾರದೋ ಅಪ್ಪಣೆ ಕೇಳಬೇಕಾಯಿತು. ಪರದೆಯ ಎಡಗಡೆ ಸಾಲಾಗಿ ಇರುತ್ತಿದ್ದ ಕತ್ತರಿ, ಬ್ರಷ್ಷು, ರಬ್ಬರು ಯಾವುದೂ ಅಲ್ಲಿರಲಿಲ್ಲ. ಅವುಗಳ ಬದಲು ನಡುವಿನಲ್ಲಿ ಒಂದು ಡಬ್ಬಿ, ನಿಮಗೆ ಏನು ಬೇಕು ಅಂತ ಕೇಳುತ್ತಿತ್ತು. "ನನಗೆ ನನ್ನ ಹಳೇದು ಬೇಕು ಕಣೋ" ಅಂತ ಜೋರಾಗಿಯೇ ಬೈದೆ. ಎದುರಿನ ಜೆರಾಕ್ಸ್ ಅಂಗಡಿಯವರು ಇಣುಕಿ ನೋಡಿ, ಪಾಪ, ಒಬ್ಬಳೇ ಮಾತಾಡುತ್ತಾಳೆ ಅಂದುಕೊಂಡಿರಬೇಕು.

ಇಷ್ಟರಲ್ಲೇ ಹೂವಿನಕ್ಕ ಹೋಗಿಬಿಟ್ಟಳು. ಅವಳು ಹತ್ತಿರದ ಕೈಲಾಂಚ ಹಳ್ಳಿಯವಳು. ಹೊಲದ ಅಂಚಿನಲ್ಲಿ ಬೆಳೆದ ಕನಕಾಂಬರ, ಸೇವಂತಿಗೆಯನ್ನು ಬುಟ್ಟಿಗೆ ತುಂಬಿಕೊಂಡು ದಿನಾ ಮೊದಲ ಬಸ್ಸಿಗೆ ಬಂದು ನನ್ನ ಅಂಗಡಿಯ ಮೆಟ್ಟಿಲ ಪಕ್ಕದಲ್ಲೇ ಕೂರುತ್ತಿದ್ದಳು. ಹಣೆಯಲ್ಲಿ ಕಾಸಗಲ ಕುಂಕುಮ, ಕನ್ನಡಿ ನೋಡದೆ ಇಟ್ಟಿದ್ದರಿಂದ ಯಾವಾಗಲೂ ತುಸು ಎಡಕ್ಕೆ. "ನಮ್ಮೋರಿಗಿಂತ ಮುಂಚೆ ನಾನ್ ಹೋಗ್ಬುಡ್ಬೇಕು ಕಣವ್ವ, ಈ ಕುಂಕುಮದ ಜತೆಗೇ" ಅಂತ ಸಾವಿರ ಸಲ ಅಂದಿದ್ದಾಳೆ. ಅಂದ ಮೇಲೆ ನನ್ನ ಮುಖ ನೋಡಿ ನಾಲಗೆ ಕಚ್ಚಿಕೊಳ್ಳುತ್ತಿದ್ದಳು. ನಾನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ನನಗೆ ಕುಂಕುಮ ಇಡಬೇಡ ಅಂತ ಯಾರೂ ಹೇಳಿರಲಿಲ್ಲ, ಇಡು ಅಂತಲೂ ಹೇಳಿರಲಿಲ್ಲ, ಹಾಗೇ ಬಿಟ್ಟುಹೋಗಿತ್ತು. ಒಂದು ಸಂಜೆ ಅವಳಿಗೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಜೀವ ಇರಲಿಲ್ಲ.

ಒಂಬತ್ತನೇ ದಿನ ಅವಳ ಮಗ ಬಂದ. ಅವನ ಫೋನಿನಲ್ಲಿ ಯಾರದೋ ಗೃಹಪ್ರವೇಶದಲ್ಲಿ ತೆಗೆದ ಒಂದು ಫೋಟೊ ಇತ್ತು. ಹತ್ತು ಜನರ ನಡುವೆ ಅವಳು, ಮುಖದ ಮೇಲೆಲ್ಲ ಟ್ಯೂಬ್‌ಲೈಟಿನ ಬಿಳುಪು.

"ಅಕ್ಕಾ, ನಮ್ಮವ್ವಂಗೆ ನೀವಂದ್ರೆ ಜೀವ. ನೀವೇ ಮಾಡ್ಕೊಡಿ. ನಾಡಿದ್ದು ತಿಥಿ. ಊರ ಮುಂದಕ್ಕೆ ಒಂದು ಫ್ಲೆಕ್ಸು, ಪೂಜೆಗೆ ಇಕ್ಕಕ್ಕೆ ಗಾಜಿನ ಕಟ್ಟು ಹಾಕ್ಸಿದ್ ಒಂದು ಫೋಟೊ" ಅಂದ.

"ಆಗಲಿ ಕಣಪ್ಪಾ" ಅಂದೆ. ಹಳೆಯದರಲ್ಲಾಗಿದ್ದರೆ ಒಂದು ಗಂಟೆಯ ಕೆಲಸ.

ಹೊಸದರಲ್ಲಿ ಎರಡು ದಿನ ಒದ್ದಾಡಿದೆ. ಮುಖವನ್ನು ಗುಂಪಿನಿಂದ ಬಿಡಿಸಲು ಹೋದರೆ ಕಿವಿಯೂ ಕತ್ತರಿಸಿ ಬಂತು. ಅದನ್ನು ಸರಿಮಾಡಲು ಹೋದರೆ ಅರ್ಧ ಸೆರಗು ಮಾಯ. ತಲೆ ಕೆಟ್ಟು ಗೊಬ್ಬರವಾಯಿತು. ಹತ್ತನೇ ದಿನ ಸಂಜೆ ಫ್ಲೆಕ್ಸ್ ಪ್ರಿಂಟ್ ಮಾಡುವವರು ಮೂರು ಸಲ ಫೋನ್ ಮಾಡಿ, ಇನ್ನು ಬಾಗಿಲು ಹಾಕುತ್ತೇವೆ ಅಂದರು. ಆಗ ಮುಖವನ್ನು ತಾನಾಗಿಯೇ ಚೊಕ್ಕಟ ಮಾಡುವ ಒಂದು ಗುಂಡಿ ಕಣ್ಣಿಗೆ ಬಿತ್ತು. ಹಾಳಾಗಿ ಹೋಗಲಿ ಅಂತ ಒತ್ತಿದೆ. ಕ್ಷಣದಲ್ಲಿ ಮಂಕು ಹೋಗಿ ಮುಖ ಹೊಳೆಯಿತು. ನಾನು ಕೂದಲಿನ ಅಂಚು, ಸೆರಗಿನ ಅಂಚು ದೊಡ್ಡದು ಮಾಡಿ ನೋಡಿದೆ, ಹಿಂದೆ ಹೂವಿನ ಹಿನ್ನೆಲೆ ಇಟ್ಟೆ, ಅಕ್ಷರ ಕೂರಿಸಿದೆ, ಎರಡನ್ನೂ ಅವರಿಗೆ ಕಳಿಸಿದೆ. ಮಗ ಫೋಟೊಗೆ ಅಲ್ಲೇ ಕಟ್ಟು ಹಾಕಿಸಿಕೊಂಡು ಎರಡನ್ನೂ ತೆಗೆದುಕೊಂಡು ಹೋದ. ಅಬ್ಬಾ, ಮುಗಿಯಿತು ಅಂತ ಮನೆಗೆ ಹೋಗಿ ಅನ್ನ ಸಾರು ಉಂಡೆ.

ಮರುದಿನ ಬೆಳಿಗ್ಗೆ ಆಗತಾನೆ ಅಂಗಡಿಯ ಬೀಗ ತೆಗೆದಿದ್ದೆ. ಮಗನ ಫೋನ್ ಬಂತು.

"ಅಕ್ಕಾ, ಆ ಫೋಟೊ ಒಂದ್ಸಲ ನೋಡಿದ್ರಾ ನೀವು?"

"ಯಾಕಪ್ಪಾ, ಏನಾಯ್ತು?"

"ನಮ್ಮಪ್ಪ ಇನ್ನೂ ಬದುಕವ್ರೆ ಕಣಕ್ಕ" ಅಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಅಳು ಹೆಚ್ಚಿತ್ತು.

ಫ್ಲೆಕ್ಸಿನವರಿಗೆ ಕಳಿಸಿದ್ದ ಚಿತ್ರವನ್ನು ಫೋನಿನಲ್ಲಿ ತೆಗೆದು ನೋಡಿದೆ. ಹೂವಿನಕ್ಕನ ಹಣೆ ಬೋಳಾಗಿತ್ತು. ಮುಖದ ಮೇಲಿನ ಕಲೆಗಳನ್ನೆಲ್ಲ ಒರೆಸಿದ ಆ ಗುಂಡಿ ಕುಂಕುಮವನ್ನೂ ಒಂದು ಕಲೆ ಅಂದುಕೊಂಡು ಒರೆಸಿ ಹಾಕಿತ್ತು. ಗಂಡ ಬದುಕಿರುವಾಗಲೇ ಅವಳನ್ನು ವಿಧವೆ ಮಾಡಿ ಊರ ಬಾಗಿಲಿಗೆ ಕಟ್ಟಿಸಿದ್ದೆ. ಅವಳು ಜೀವಮಾನವೆಲ್ಲ ಬೇಡಿಕೊಂಡು ಪಡೆದ ಮುತ್ತೈದೆ ಸಾವನ್ನು ಒಂದು ಗುಂಡಿ ಒತ್ತಿ ಕಿತ್ತುಕೊಂಡಿದ್ದೆ.

ಹಿಂದಿನ ದಿನ ಅದು ನನಗೆ ಯಾಕೆ ಕಾಣಲಿಲ್ಲ ಅಂತ ಯೋಚಿಸಿದೆ. ಅವಸರ ಅನ್ನಬಹುದು. ಅದು ಪೂರ್ತಿ ನಿಜವಲ್ಲ. ಒಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಬೋಳು ಹಣೆಯನ್ನೇ ನೋಡಿದವಳಿಗೆ ಇನ್ನೊಂದು ಬೋಳು ಹಣೆ ವಿಚಿತ್ರವಾಗಿ ಕಾಣಲಿಲ್ಲ, ಅಷ್ಟೇ. ಇದನ್ನು ಯಾರ ಹತ್ತಿರ ಹೇಳಲಿ?

"ಒಂದು ಗಂಟೆ ಟೈಮ್ ಕೊಡಪ್ಪಾ, ಬೇರೆ ತರ್ತೀನಿ" ಅಂದೆ.

"ಹನ್ನೆರಡಕ್ಕೆ ಎಡೆ ಇಕ್ಬೇಕು ಅಕ್ಕಾ" ಅಂದು ಫೋನ್ ಇಟ್ಟ.

ಕಂಪ್ಯೂಟರ್ ಹಾಕಿದೆ. ಪಾಸ್‌ವರ್ಡ್ ಕೇಳಿತು. ಕೋಡ್ ಕೇಳಿತು. ಕೋಡ್ ಬರಲಿಲ್ಲ. ಫೋನನ್ನು ಕಿಟಕಿಯ ಹತ್ತಿರ ಹಿಡಿದು ನಿಂತೆ, ರಸ್ತೆಗೆ ಹೋಗಿ ನಿಂತೆ, ಬಂತು. ಒಳಗೆ ಓಡಿ ಬರುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಎರಡನೇ ಸಲಕ್ಕೆ ತೆರೆಯಿತು. ಮುಖವನ್ನು ಮತ್ತೆ ಮೊದಲಿನಿಂದ ಬಿಡಿಸಲು ಹೊತ್ತಿರಲಿಲ್ಲ, ಬೋಳು ಹಣೆಯ ಮೇಲೆಯೇ ಕೆಂಪು ಬಣ್ಣದಲ್ಲಿ ಒಂದು ದುಂಡು ಇಟ್ಟೆ. ಅಂಗಿಯ ಗುಂಡಿ ಹೊಲಿದ ಹಾಗೆ ಕಂಡಿತು. ಅಳಿಸಿದೆ. ಇನ್ನೊಂದು ಇಟ್ಟು ಎಡಕ್ಕೆ ಸರಿಸಿದರೆ ಹುಬ್ಬಿನ ಮೇಲೆ ಹೋಯಿತು. ಕೈ ನಡುಗುತ್ತಿತ್ತು, ಮೌಸ್ ನಿಲ್ಲುತ್ತಿರಲಿಲ್ಲ. ಹೇಗೋ ಒಂದು ರೂಪಕ್ಕೆ ತಂದು ಪ್ರಿಂಟ್ ಒತ್ತಿದರೆ, ನನ್ನ ಹಳೇ ಪ್ರಿಂಟರನ್ನು ಈ ಹೊಸದು ಗುರುತೇ ಹಿಡಿಯಲಿಲ್ಲ. ವೈರು ಕಿತ್ತು ಸಿಕ್ಕಿಸಿದೆ, ಮತ್ತೆ ಕಿತ್ತೆ. ಫ್ಲೆಕ್ಸಿನವರಿಗೆ ಫೋನ್ ಮಾಡಿದರೆ, "ಕರೆಂಟಿಲ್ಲ ಮೇಡಂ, ಲೈನ್ ಕೆಲಸ ನಡೀತೈತೆ, ಮಧ್ಯಾಹ್ನದ ಮೇಲೆ ಬನ್ನಿ" ಅಂದರು. ನಮ್ಮ ಕಡೆ ಕರೆಂಟು ಇತ್ತು, ಅವರ ಕಡೆ ಇರಲಿಲ್ಲ. ನನ್ನ ಗ್ರಹಚಾರವೇ ಹಾಗೆ. ಕೀಬೋರ್ಡಿನ ಮೇಲೆ ತಲೆಯಿಟ್ಟು ಅತ್ತೆ. ಯಜಮಾನರು ಈಗ ಇರಬೇಕಿತ್ತು ಅಂತ ಒಂಬತ್ತು ವರ್ಷದಲ್ಲಿ ಅಷ್ಟು ಯಾವತ್ತೂ ಅನ್ನಿಸಿರಲಿಲ್ಲ.

ಹನ್ನೊಂದು ಗಂಟೆ ಆಗಿಹೋಗಿತ್ತು. ಬರಿಗೈಯಲ್ಲೇ ಸ್ಕೂಟಿ ಹತ್ತಿ ಕೈಲಾಂಚಕ್ಕೆ ಹೊರಟೆ. ಹೋಗಿ ಏನು ಮಾಡುತ್ತೇನೆ ಅಂತ ಗೊತ್ತಿರಲಿಲ್ಲ. ಕಾಲಿಗೆ ಬೀಳಬಹುದು, ಅಷ್ಟೇ.

ಫ್ಲೆಕ್ಸನ್ನು ಆಗಲೇ ಬಿಚ್ಚಿ ಸುತ್ತಿ ಜಗಲಿಯ ಮೇಲೆ ಹಾಕಿದ್ದರು. ಶಾಮಿಯಾನದ ಕೆಳಗೆ ಜನ ತುಂಬಿದ್ದರು. ಒಂದು ಕುರ್ಚಿಯ ಮೇಲೆ ಫೋಟೊ ಇತ್ತು, ಮುಖ ಗೋಡೆಯ ಕಡೆಗೆ. ಅದರ ಸುತ್ತ ಐದಾರು ಮುತ್ತೈದೆಯರು ಬಾಗಿನದ ಮೊರ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಗಾಜಿನ ಮೇಲೆ ಒಂದು ಬೊಟ್ಟು ಕುಂಕುಮ ಇಟ್ಟರೆ ಮುಗಿಯುವ ಕೆಲಸ ಅದು. ಆದರೆ ಬೋಳು ಹಣೆಯ ಮೇಲೆ ಬೆರಳಿಡಲು ಒಬ್ಬರೂ ಒಪ್ಪಿರಲಿಲ್ಲ. ಮುಟ್ಟಿದರೆ ತಂತಮ್ಮ ಗಂಡಂದಿರಿಗೆ ಏನಾಗುತ್ತದೋ ಅನ್ನುವ ಹೆದರಿಕೆ. ನನ್ನನ್ನು ನೋಡಿದ್ದೇ ಹಿಂದಿನಿಂದ ಒಂದು ದನಿ, "ತನ್ಗಿಲ್ಲ ಅಂತ ಅವ್ಳ್‌ದೂ ಅಳಿಸವ್ಳೆ" ಅಂದಿತು. ಯಾರು ಅಂತ ತಿರುಗಿ ನೋಡಲಿಲ್ಲ. ನೋಡಿದ್ದರೆ ಅಲ್ಲೇ ಜಗಳವಾಗುತ್ತಿತ್ತು.

ಹೂವಿನಕ್ಕನ ಗಂಡ ಕಂಬಕ್ಕೆ ಒರಗಿ ಚಾಪೆಯ ಮೇಲೆ ಕೂತಿದ್ದರು. ಅವರ ಮುಂದೆ ಕುಕ್ಕರುಗಾಲಲ್ಲಿ ಕೂತೆ.

"ಅಣ್ಣಾ, ತಪ್ಪಾಯ್ತು. ಬೇಕು ಅಂತ ಮಾಡಿದ್ದಲ್ಲ. ಹೊಸ ಕಂಪ್ಯೂಟರು, ನನಗೆ ಇನ್ನೂ ಸರಿಯಾಗಿ ಬರಲ್ಲ" ಅಂದೆ.

ಅವರು ತಲೆ ಎತ್ತಲಿಲ್ಲ. "ಅವ್ಳು ದೇವ್ರನ್ನ ಕೇಳ್ಕೊಂಡಿದ್ದು ಅದೊಂದೇ ಕಣವ್ವ. ನನ್ನ ಕೈಲಿ ಒಂದ್ ಸೀರೆ ಬೇಕು ಅಂತಲೂ ಕೇಳ್ದೋಳಲ್ಲ" ಅಂದರು.

ಇದಕ್ಕಿಂತ ಅವರು ಎರಡು ಏಟು ಹೊಡೆದಿದ್ದರೆ ಚೆನ್ನಾಗಿತ್ತು.

ಆಗ ಅವರ ಅಕ್ಕ, ಎಂಬತ್ತರ ಹತ್ತಿರದ ಮುದುಕಿ, ಒಳಗಿನಿಂದ ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹೊತ್ತಾಯ್ತದೆ. ಯಾರೂ ಮುಟ್ಟದಿದ್ರೆ ಇವ್ಳೇ ಇಕ್ಲಿ. ಇವ್ಳಿಗಿನ್ನೇನ್ ಹೋಗದೈತೆ?" ಅಂದಳು.

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ನಿಂತುಹೋದ ಕೆಲಸಕ್ಕೆ ಒಂದು ದಾರಿ ಹೇಳಿದ ಹಾಗೆ ಹೇಳಿದಳು. ಕೂತಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಬೇಡ ಅನ್ನಲಿಲ್ಲ. ಹೂವಿನಕ್ಕನ ಸೊಸೆ ಕುಂಕುಮದ ಬಟ್ಟಲು, ಒಂದು ಲೋಟ ನೀರು ತಂದು ನನ್ನ ಮುಂದಿಟ್ಟು ಹಿಂದೆ ಸರಿದಳು.

ಫೋಟೊ ತಿರುಗಿಸಿದೆ. ಬೆರಳು ಅದ್ದಿ ಕುಂಕುಮ ಕಲಸಿದೆ. ಒಂಬತ್ತು ವರ್ಷದ ಮೇಲೆ ನನ್ನ ಬೆರಳಿಗೆ ಕುಂಕುಮ ತಾಗಿದ್ದು ಅವತ್ತು. ಗಾಜಿನ ಮೇಲೆ ಬೆರಳಿಟ್ಟು ಅಗಲವಾಗಿ, ನಿಧಾನವಾಗಿ ದುಂಡು ತಿರುವಿದೆ. ಬೆಳಗಿನಿಂದ ಮೌಸ್ ಹಿಡಿಯಲಾರದೆ ನಡುಗಿದ ಕೈ ಆಗ ಒಂದಿಷ್ಟೂ ನಡುಗಲಿಲ್ಲ. ಮುದುಕಿ ಹೇಳಿದ್ದು ನಿಜ, ನನಗೆ ಹೋಗುವಂಥದ್ದು ಏನೂ ಉಳಿದಿರಲಿಲ್ಲ. ಹಿಂದಿನಿಂದ ಹೆಂಗಸರು, "ಆಯ್ತಲ್ಲ, ಒಸಿ ಸರ್ಕೊಳವ್ವ, ಬಾಗಿನ ಇಕ್ಬೇಕು" ಅಂದರು. ನಾನು ಎದ್ದು ಅವರಿಗೆ ಜಾಗ ಬಿಟ್ಟೆ.