ಬೆರಿಲ್ ಟ್ವೀಡಿಯ ಇಪ್ಪತ್ತೆರಡನೆಯ ಹಡಗುಯಾನ

ಬೆರಿಲ್ ಟ್ವೀಡಿ ವಿಹಾರದ ಹಡಗು ಹತ್ತಿದ್ದು ಇಪ್ಪತ್ತೆರಡು ಸಲ. ಮನಸಾರೆ ಹತ್ತಿದ್ದು ಒಂದೇ ಸಲ, ಮೊದಲನೆಯದು. ಉಳಿದ ಇಪ್ಪತ್ತೊಂದು ಸಲ ಗಂಡ ನೆವಿಲ್‌ನ ಸಂತೋಷಕ್ಕೆಂದು ಹತ್ತಿದಳು. ಇದನ್ನು ಅವಳು ಯಾರೊಂದಿಗೂ ಬಾಯಿಬಿಟ್ಟಿರಲಿಲ್ಲ. ಬಿಟ್ಟರೂ ಪೋರ್ಟ್ ಕೆಂಬ್ಲಾದಂಥ ಕಾರ್ಖಾನೆಯ ಊರಿನಲ್ಲಿ ಯಾರು ನಂಬುತ್ತಾರೆ? ವರ್ಷಕ್ಕೊಮ್ಮೆ ಹತ್ತು ದಿನ ಸಮುದ್ರದ ಮೇಲೆ, ಮಾಡಿಟ್ಟ ಊಟ, ಹಾಸಿಟ್ಟ ಹಾಸಿಗೆ. ಇದಕ್ಕೂ ಬೇಸರ ಎಂದರೆ ಸೊಕ್ಕು ಎನ್ನುತ್ತಾರೆ.

ಊರಿನ ಪ್ರಾಥಮಿಕ ಶಾಲೆಯ ಕ್ಯಾಂಟೀನಿನಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದವಳು ಅವಳು. ಹೆಸರು ಬರೆದ ಕಾಗದದ ಚೀಲಗಳಿಗೆ ಮೀಟ್ ಪೈ, ಸ್ಯಾಂಡ್‌ವಿಚ್ ತುಂಬುವುದು, ಗಂಟೆ ಹೊಡೆಯುವುದರೊಳಗೆ ತರಗತಿಗಳ ಬುಟ್ಟಿ ಸಿದ್ಧಮಾಡುವುದು. ಹಗಲು ಶಾಲೆಯವರ ಹೊಟ್ಟೆ, ಸಂಜೆ ಮನೆಯವರ ಹೊಟ್ಟೆ. ನೆವಿಲ್ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ. ಅವನ ಪಾಳಿ ಬದಲಾದಂತೆ ಅಡುಗೆಯ ಹೊತ್ತೂ ಬದಲಾಗಬೇಕು. ಮೇಲೆ ಮೂವರು ಮಕ್ಕಳು. ಊಟದ ಮೇಜಿನಲ್ಲಿ ಅವಳ ಕುರ್ಚಿ ಒಲೆಯ ಪಕ್ಕದ್ದು. ಕೂತಳು ಎನ್ನುವಷ್ಟರಲ್ಲಿ ಒಬ್ಬರಿಗೆ ಸಾಸ್ ಬೇಕು, ಇನ್ನೊಬ್ಬರಿಗೆ ಆಲೂಗಡ್ಡೆ ಬೇಕು. ಬಿಸಿ ಊಟ ಹೇಗಿರುತ್ತದೆ ಎಂಬುದು ಅವಳಿಗೆ ಮರೆತೇ ಹೋಗಿತ್ತು.

ನೆವಿಲ್ ಐವತ್ತೈದಕ್ಕೆ ಕೆಲಸ ಬಿಟ್ಟ ವರ್ಷ ಸಿಡ್ನಿಯಿಂದ ನ್ಯೂಮಿಯಾ, ಪೋರ್ಟ್ ವಿಲಾ ಎಂಬ ದ್ವೀಪದ ಊರುಗಳನ್ನು ಸುತ್ತಿಬರುವ ಹಡಗಿಗೆ ಹೆಸರು ಬರೆಸಿದ. ಆ ಹತ್ತು ದಿನ ಬೆರಿಲ್ ನಿಜಕ್ಕೂ ಸುಖಪಟ್ಟಳು, ಸುಳ್ಳೇಕೆ. ಅದನ್ನು ನೋಡಿದ ನೆವಿಲ್ ಮರುವರ್ಷವೂ ಬರೆಸಿದ. ಅದರ ಮರುವರ್ಷವೂ. ಕೊರೊನಾದ ಮೂರು ವರ್ಷ ಹಡಗು ನಿಂತಿತ್ತು, ನೆವಿಲ್ ಒಳಗೊಳಗೇ ಕುದಿದ. ಬೆರಿಲ್ ಆ ಮೂರು ವರ್ಷ ಹಿತ್ತಲಲ್ಲಿ ಟೊಮೆಟೊ ಬೆಳೆದಳು.

ಕಾರ್ಖಾನೆ ಬಿಟ್ಟರೂ ನೆವಿಲ್‌ನನ್ನು ಪಾಳಿ ಬಿಟ್ಟಿರಲಿಲ್ಲ. ಹಡಗಿನಲ್ಲೂ ಬೆಳಿಗ್ಗೆ ಐದಕ್ಕೆ ಎದ್ದು ಈಜುಕೊಳದ ಪಕ್ಕದ ಎರಡು ಕುರ್ಚಿಗಳ ಮೇಲೆ ಟವಲು ಹಾಸಿ ಬರುತ್ತಿದ್ದ. ಹತ್ತಕ್ಕೆ ರಸಪ್ರಶ್ನೆ, ಹನ್ನೊಂದಕ್ಕೆ ನೃತ್ಯದ ಪಾಠ, ಹನ್ನೆರಡಕ್ಕೆ ಊಟದ ಸಾಲು. ಎಲ್ಲವನ್ನೂ ಚೀಟಿಯಲ್ಲಿ ಬರೆದು ಕನ್ನಡಿಗೆ ಸಿಕ್ಕಿಸುತ್ತಿದ್ದ. ಇಬ್ಬರಿಗೂ ಒಂದೇ ಬಗೆಯ ಹೂವಿನ ಅಂಗಿ. ಉದ್ದನೆಯ ಓಣಿಯಲ್ಲಿ ಅವನು ಮುಂದೆ, ಸೊಂಟ ಹಿಡಿದುಕೊಂಡು ಇವಳು ಹಿಂದೆ. ರಜೆ ಎನ್ನುವುದೇ ಒಂದು ನೌಕರಿಯಾಗಿತ್ತು, ಇದಕ್ಕೆ ನಿವೃತ್ತಿ ಇರಲಿಲ್ಲ.

ಇಪ್ಪತ್ತೆರಡನೆಯ ಯಾನಕ್ಕೆ ಹೊರಟಾಗ ಬೆರಿಲ್‌ಗೆ ಎಪ್ಪತ್ತಾರು. ಈ ಸಲ ಹೇಳಿಬಿಡಬೇಕು, ಇನ್ನು ಸಾಕು ಎಂದು ಹೇಳಿಬಿಡಬೇಕು ಎಂದು ಹಡಗು ಹತ್ತುವಾಗಲೇ ಗಟ್ಟಿಮಾಡಿಕೊಂಡಿದ್ದಳು. ಮುಂದಿನ ವರ್ಷದ ಹೆಸರನ್ನು ಈ ವರ್ಷವೇ ಹಡಗಿನಲ್ಲಿ ಬರೆಸುವುದು ಇವರ ರೂಢಿ. ಬರೆಸಿದರೆ ಮುಗಿಯಿತು, ನೆವಿಲ್ ಕೊಟ್ಟ ಮಾತು ಹಿಂತೆಗೆಯುವವನಲ್ಲ. ಪ್ರತಿ ಸಲ ಎರಡನೆಯ ದಿನವೇ ಹೋಗಿ ಬರೆಸುವವನು ಈ ಸಲ ಮಾತ್ರ ನಾಳೆ, ನಾಡಿದ್ದು ಎನ್ನುತ್ತ ಮುಂದೂಡಿದ. ದ್ವೀಪದ ಮರಳಿನಲ್ಲಿ ನಡೆದು ಅವನ ಮೊಣಕಾಲು ಬಾತುಕೊಂಡಿತ್ತು. ಹೇಳಲು ಬೆರಿಲ್‌ಗೆ ಒಂಬತ್ತು ದಿನ ಸಿಕ್ಕಿತು. ಒಂಬತ್ತು ದಿನವೂ ಮಾತು ನಾಲಿಗೆಯವರೆಗೆ ಬಂದು ಒಳಗೇ ಹೋಯಿತು.

ಕೊನೆಯ ದಿನದ ಸಂಜೆಯೂಟಕ್ಕೆ ಅವರ ಮೇಜಿನಲ್ಲಿ ಒಂದು ಪದ್ಧತಿ. ನ್ಯೂಕಾಸಲ್‌ನ ಲೋರ್ನಾ ಪ್ರೂಯಿಟ್ ಅದರ ಯಜಮಾನಿ. ಗಂಡ ತೀರಿಕೊಂಡ ಮೇಲೂ ಒಬ್ಬಳೇ ಬರುತ್ತಿದ್ದ ಹೆಂಗಸು, ಇವರೊಂದಿಗೆ ಹನ್ನೆರಡು ವರ್ಷ ಒಂದೇ ಮೇಜಿನಲ್ಲಿ ಉಂಡವಳು. ಚಮಚದಿಂದ ಲೋಟ ಬಡಿದಳು.

"ಸರಿ, ಎಲ್ರೂ ನಿಮ್ಮ ಅಚ್ಚುಮೆಚ್ಚಿನ ನೆನಪು ಒಂದೊಂದು ಹೇಳಿ. ಹಳೇದನ್ನೇ ಹೇಳಿದ್ರೆ ಪುಡಿಂಗ್ ಇಲ್ಲ ನೋಡಿ."

ಹಾಗೆಂದು ತಾನು ಮಾತ್ರ ಪೋರ್ಟ್ ವಿಲಾದ ಸಂತೆಯಲ್ಲಿ ಟೋಪಿ ಹಾರಿಹೋದ ಹಳೆಯ ಕತೆಯನ್ನೇ ಹೇಳಿದಳು. ನೆವಿಲ್ ಬಿರುಗಾಳಿಯ ವರ್ಷ ಮೇಜಿನಿಂದ ಜಾರಿದ ಸೂಪಿನ ಬಟ್ಟಲನ್ನು ಗಾಳಿಯಲ್ಲೇ ಹಿಡಿದ ಕತೆ ಹೇಳಿದ. ಬಟ್ಟಲು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿತ್ತು.

"ಬೆರಿಲ್, ನಿಂದು ಡಾಲ್ಫಿನ್ ಅಲ್ವಾ?" ಎಂದಳು ಲೋರ್ನಾ.

"ಹೂಂ, ಡಾಲ್ಫಿನ್. ಎಷ್ಟೊಂದಿದ್ವು," ಎಂದಳು ಬೆರಿಲ್.

ಆ ಡಾಲ್ಫಿನ್‌ಗಳನ್ನು ಅವಳು ನೋಡಿರಲೇ ಇಲ್ಲ. ಒಂಬತ್ತನೆಯ ಯಾನದಲ್ಲಿ ಎಲ್ಲರೂ ಕಟಾಂಜನಕ್ಕೆ ಓಡಿದಾಗ ಇವಳು ಕೋಣೆಯಲ್ಲಿ ಮಂಚದ ಕೆಳಗೆ ಬಗ್ಗಿ ನೆವಿಲ್‌ನ ಕನ್ನಡಕ ಹುಡುಕುತ್ತಿದ್ದಳು. ಮೇಲೆ ಬರುವಷ್ಟರಲ್ಲಿ ಸಮುದ್ರ ಖಾಲಿ. "ನೋಡಿದ್ಯಾ, ನೋಡಿದ್ಯಾ?" ಎಂದು ನೆವಿಲ್ ಕುಣಿಯುತ್ತಿದ್ದ. ನೋಡಿದೆ ಎಂದುಬಿಟ್ಟಳು. ಅಂದಿನಿಂದ ಅದೇ ಅವಳ ಅಚ್ಚುಮೆಚ್ಚಿನ ನೆನಪು.

ಊಟ ಮುಗಿಸಿ ಬಂದು ನೆವಿಲ್ ಪಟ್ಟೆಪಟ್ಟೆಯ ಪೈಜಾಮ ಹಾಕಿ, ಮೊಣಕಾಲಿಗೆ ಮಂಜುಗಡ್ಡೆಯ ಚೀಲ ಇಟ್ಟುಕೊಂಡು ಮಲಗಿದ. ಕೊನೆಯ ಸಂಜೆ ಪೆಟ್ಟಿಗೆಗಳಿಗೆ ಬಣ್ಣದ ಚೀಟಿ ಕಟ್ಟಿ ಕೋಣೆಯ ಬಾಗಿಲಾಚೆ ಇಡಬೇಕು. ಹಡಗಿನವರು ಹೊತ್ತೊಯ್ಯುತ್ತಾರೆ, ಮರುದಿನ ದಡದಲ್ಲೇ ಕೈಗೆ ಸಿಗುವುದು. ಅದು ಪ್ರತಿ ಸಲ ನೆವಿಲ್‌ನ ಕೆಲಸ. ಮರುದಿನ ಉಡುವ ಬಟ್ಟೆಯನ್ನು ಮೊದಲು ಕುರ್ಚಿಯ ಮೇಲೆ ಎತ್ತಿಟ್ಟು ಆಮೇಲೆ ಪೆಟ್ಟಿಗೆಗೆ ಕೈಹಾಕುವ ಶಿಸ್ತಿನ ಮನುಷ್ಯ.

"ನಾನೇ ತುಂಬ್ತೀನಿ, ಬಿದ್ಕೋ," ಎಂದಳು ಬೆರಿಲ್. ಅವಳಿಗೆ ಕಣ್ಣು ಎಳೆಯುತ್ತಿತ್ತು. ಸಿಕ್ಕಿದ್ದನ್ನೆಲ್ಲ ತುಂಬಿ, ಪೆಟ್ಟಿಗೆಯ ಮೇಲೆ ಕೂತು ಬೀಗ ಹಾಕಿ, ಬಾಗಿಲಾಚೆ ನೂಕಿದಳು.

ಬೆಳಿಗ್ಗೆ ಹಡಗು ಸಿಡ್ನಿ ಬಂದರಿನೊಳಗೆ ಬರುವಾಗ ನೆವಿಲ್ ಕಪಾಟು ತೆಗೆದ, ಮುಚ್ಚಿದ, ಮತ್ತೆ ತೆಗೆದ.

"ಬೆರಿಲ್, ನನ್ನ ಪ್ಯಾಂಟ್ ಎಲ್ಲಿ?"

"ಕುರ್ಚಿ ಮೇಲೆ."

"ಕುರ್ಚಿ ಮೇಲೆ ಬರೀ ಅಂಗಿ ಇದೆ."

ಬೆರಿಲ್ ಹಾಸಿಗೆಯಲ್ಲಿ ಎದ್ದು ಕೂತಳು. ಕುರ್ಚಿಯಿಂದ ಪ್ಯಾಂಟ್ ಎತ್ತಿ ಮಡಚಿದ್ದು ಕಣ್ಣಿಗೆ ಕಟ್ಟಿತು. "ಅಯ್ಯೋ, ತುಂಬಿಬಿಟ್ಟೆ ಕಣೋ. ಎಲ್ಲಾನೂ."

"ಎಲ್ಲಾನೂ ಅಂದ್ರೆ?"

"ಎಲ್ಲಾ ಪ್ಯಾಂಟೂ."

"ಇಪ್ಪತ್ತೆರಡು ಯಾನದಲ್ಲಿ ಒಂದ್ಸಲ ನಿನ್ನ ಕೈಗೆ ಕೊಟ್ಟೆ ನೋಡು!" ನೆವಿಲ್ ಮಂಚದ ಮೇಲೆ ಕುಸಿದು ಕೂತ. ಮೊದಲ ಯಾನದಲ್ಲಿ ಯಾರೋ ರಾತ್ರಿಯುಡುಪಿನಲ್ಲೇ ಇಳಿದುಹೋದದ್ದನ್ನು ನೋಡಿ, ಇಂಥ ಪೆದ್ದರೂ ಇರ್ತಾರಾ ಎಂದು ಎಲ್ಲರಿಗಿಂತ ಜೋರಾಗಿ ನಕ್ಕಿದ್ದವನು ಅವನೇ. "ಎಂಟಕ್ಕೆ ಹೆಸರು ಬರೆಯೋ ಮೇಜು ಮುಚ್ತಾರೆ. ಪೈಜಾಮದಲ್ಲಿ ಹೋಗಿ ನಿಂತ್ಕೊಳ್ಲಾ ನಾನು?" ಅಂಗಿಯ ಜೇಬಿನಿಂದ ಮಡಚಿದ ಅರ್ಜಿ ತೆಗೆದು ಅವಳ ಕಡೆ ಚಾಚಿದ. "ತಗೋ, ನೀನೇ ಹೋಗಿ ಕೊಟ್ಬಾ. ಎಲ್ಲ ತುಂಬಿದೀನಿ."

ಬೇಕೆಂದೇ ಪ್ಯಾಂಟ್ ತುಂಬಿದೆನೇ ಎಂದು ಬೆರಿಲ್ ಲಿಫ್ಟಿನಲ್ಲಿ ತನ್ನನ್ನೇ ಕೇಳಿಕೊಂಡಳು. ಇಲ್ಲ ಎಂದು ಎದೆತಟ್ಟಿ ಹೇಳಲು ಆಗಲಿಲ್ಲ. ಈಗ ಎಲ್ಲವೂ ಅವಳ ಕೈಯಲ್ಲೇ ಇತ್ತು. ಅರ್ಜಿಯನ್ನು ಕಸದ ಡಬ್ಬಿಗೆ ಹಾಕಿ, ಮೇಜು ಮುಚ್ಚಿತ್ತು ಎಂದರೆ ಯಾರು ಕೇಳುತ್ತಾರೆ? ಆದರೆ ಡಾಲ್ಫಿನ್ ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಹೊರುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ಸಾಲಿನಲ್ಲಿ ಮುಂದೆ ಲೋರ್ನಾ ನಿಂತಿದ್ದಳು. "ಅದೇ ಮೇಜು, ಅದೇ ಜಾಗ, ಅಲ್ವೇನೇ? ನೆವ್ ಎಲ್ಲಿ?"

"ಅವನಿಗೆ ಪ್ಯಾಂಟಿಲ್ಲ," ಎಂದಳು ಬೆರಿಲ್.

ಲೋರ್ನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ನಗು ಮುಗಿಯುವವರೆಗೆ ಬೆರಿಲ್ ಅರ್ಜಿ ಬಿಡಿಸಿ ನೋಡಿದಳು. ಹೆಸರು, ವಿಳಾಸ, ಕೋಣೆ. ಕೊನೆಯಲ್ಲಿ ಹಡಗಿನವರ ಸುದ್ದಿಪತ್ರಿಕೆಗೆಂದು ಒಂದು ಪ್ರಶ್ನೆ: ನಿಮ್ಮ ಯಾನಗಳ ಅಚ್ಚುಮೆಚ್ಚಿನ ನೆನಪು ಯಾವುದು? ಸೂಪಿನ ಬಟ್ಟಲು ಇರುತ್ತದೆ ಎಂದುಕೊಂಡಳು. ನೆವಿಲ್ ದಪ್ಪ ಅಕ್ಷರದಲ್ಲಿ ಬರೆದಿದ್ದ: "ಮೊದಲ ಸಲ, ಮೊದಲ ದಿನದ ಊಟ. ಬೆರಿಲ್ ಊಟ ಮುಗಿಯುವವರೆಗೆ ಒಂದು ಸಲವೂ ಏಳಲಿಲ್ಲ. ಬಿಸಿಬಿಸಿಯಾಗಿ ಉಂಡಳು. ಅದಕ್ಕೇ ಪ್ರತಿ ವರ್ಷ ಬರುತ್ತೇವೆ."

ಬೆರಿಲ್‌ಗೆ ಮೊದಲು ಬಂದದ್ದು ಕೋಪ. ಇಷ್ಟು ಗೊತ್ತಿದ್ದವನು ಒಂದು ಮಾತು ಕೇಳಬಾರದಿತ್ತೇ? ಇಪ್ಪತ್ತೊಂದು ಸಲ ಓಣಿಯುದ್ದಕ್ಕೂ ಸೊಂಟ ಹಿಡಿದು ನಡೆಸಬೇಕಿತ್ತೇ? ಆಮೇಲೆ ಕೋಪ ತನ್ನ ಕಡೆಗೇ ತಿರುಗಿತು. ತಾನಾದರೂ ಹೇಳಿದಳೇ? "ಮೇಡಂ, ನಿಮ್ಮ ಸರದಿ," ಎಂದಳು ಮೇಜಿನ ಹುಡುಗಿ.

"ಬೇಡಮ್ಮ, ಹಿಂದಿನವರನ್ನ ಕರಿ," ಎಂದು ಬೆರಿಲ್ ಅರ್ಜಿ ಮಡಚಿಕೊಂಡು ಹೊರಟಳು.

ಕೋಣೆಯಲ್ಲಿ ನೆವಿಲ್ ಹೂವಿನ ಅಂಗಿ, ಪಟ್ಟೆ ಪೈಜಾಮದಲ್ಲಿ ಕಿಟಕಿಯ ಬಳಿ ಕೂತಿದ್ದ.

"ಕೊಟ್ಯಾ?"

"ಇಲ್ಲ. ಸಾಕಾಯ್ತು ನೆವ್. ನಂಗೆ ಹಡಗು ಸಾಕಾಗಿ ಇಪ್ಪತ್ತು ವರ್ಷ ಆಯ್ತು."

ನೆವಿಲ್ ಬೆಪ್ಪಾಗಿ ಅವಳನ್ನೇ ನೋಡಿದ. "ಮತ್ತೆ ವರ್ಷಾ ವರ್ಷಾ ಡಾಲ್ಫಿನ್ ಡಾಲ್ಫಿನ್ ಅಂತಿದ್ದೆ?"

"ಆ ಡಾಲ್ಫಿನ್ ನಾನು ನೋಡೇ ಇಲ್ಲ ಕಣೋ. ನಿನ್ನ ಕನ್ನಡಕ ಹುಡುಕ್ತಿದ್ದೆ."

ನೆವಿಲ್‌ನ ಮುಖ ಸಣ್ಣದಾಯಿತು. ಅದನ್ನು ನೋಡಿ ಬೆರಿಲ್‌ಗೆ ಸಂಕಟವಾಯಿತು, ಆದರೆ ಆಡಿದ ಮಾತನ್ನು ನುಂಗಲಿಲ್ಲ.

"ನಿಂಗಾದ್ರೂ ಇಷ್ಟ ಇತ್ತಾ?" ಎಂದು ಕೇಳಿದಳು.

"ಇತ್ತು. ಮೊದಲ್ನೇ ಹತ್ತು ಸಲ." ಮೊಣಕಾಲು ತಿಕ್ಕಿಕೊಂಡ. "ಆಮೇಲೆ... ನೀನು ಕೂತು ಊಟ ಮಾಡೋದನ್ನ ನೋಡೋಕೆ ಬೇರೆ ಜಾಗ ನಂಗೆ ಗೊತ್ತಿರ್ಲಿಲ್ಲ."

"ಮನೇಲೂ ಒಂದು ಕುರ್ಚಿ ಇದೆ, ನೆವ್. ಒಲೆ ಪಕ್ಕ ಇರೋದು. ನೀನು ಎದ್ರೆ ನಾನು ಕೂರ್ತೀನಿ."

ನೆವಿಲ್ ಪೈಜಾಮದಲ್ಲೇ ಹಡಗಿನಿಂದ ಇಳಿದ. ಇಳಿಯುವ ದಾರಿಯಲ್ಲಿ ಸಾಲುಸಾಲು ಜನ ಚಪ್ಪಾಳೆ ತಟ್ಟಿದರು. "ಮುಂದಿನ ವರ್ಷ ಪ್ಯಾಂಟ್ ಹಾಕ್ಕೊಂಡ್ ಬಾರೋ!" ಎಂದು ಲೋರ್ನಾ ಕೂಗಿದಳು. ಅವನು ಟೋಪಿ ಎತ್ತಿ ತೋರಿಸಿದ, ಬರುತ್ತೇನೆಂದು ಹೇಳಲಿಲ್ಲ. ದಡದಲ್ಲಿ ಪೆಟ್ಟಿಗೆ ಸಿಕ್ಕಿದಾಗ ಬೆರಿಲ್ ಬೀಗಕ್ಕೆ ಕೈಹಾಕಿದಳು. "ಬಿಡೇ, ಬಗ್ಗೋಕಾಗಲ್ಲ, ಮನೆಗೇ ಹೋಗೋಣ," ಎಂದ. ಎರಡು ಗಂಟೆ ರೈಲಿನಲ್ಲಿ ಪೈಜಾಮದ ಮುದುಕನನ್ನು ಒಬ್ಬರೂ ತಿರುಗಿ ನೋಡಲಿಲ್ಲ. ಬೆರಿಲ್ ಅವನ ಹೆಗಲಿಗೆ ಒರಗಿ ದಾರಿಯುದ್ದಕ್ಕೂ ನಿದ್ದೆಹೋದಳು.

ಆ ಸಂಜೆ ಪೆಟ್ಟಿಗೆಗಳು ನಡುಮನೆಯಲ್ಲೇ ಬಿದ್ದಿದ್ದವು. ಬೆರಿಲ್ ಅಭ್ಯಾಸಬಲದಿಂದ ಒಲೆಯತ್ತ ಹೊರಟಳು. ನೆವಿಲ್ ಕುಂಟುತ್ತ ಅಡ್ಡ ಬಂದ.

"ಕೂತ್ಕೋ."

ಡಬ್ಬಿಯ ಬೀನ್ಸ್ ಬಿಸಿಮಾಡಲು ಅವನಿಗೆ ಅರ್ಧ ಗಂಟೆ ಹಿಡಿಯಿತು. ರೊಟ್ಟಿ ಸೀದ ವಾಸನೆ ಬಂತು. ಬೆರಿಲ್ ಅರ್ಧ ಎದ್ದಳು.

"ಕೂತ್ಕೋ ಅಂದ್ನಲ್ಲ. ಬೆಣ್ಣೆ ಎಲ್ಲಿದೆ?"

"ಫ್ರಿಜ್ಜಲ್ಲಿ, ಬಾಗಿಲ ಹತ್ರ. ಅದಲ್ಲ, ಅದರ ಪಕ್ಕದ್ದು. ಐವತ್ತು ವರ್ಷದಿಂದ ಅಲ್ಲೇ ಇದೆ."

ತಟ್ಟೆ ತಂದು ಅವಳ ಮುಂದಿಟ್ಟ. ರೊಟ್ಟಿಯ ಒಂದು ಬದಿ ಕರಕಲಾಗಿತ್ತು, ಅದನ್ನು ಕೆಳಗೆ ಮಾಡಿ ಬಚ್ಚಿಟ್ಟಿದ್ದ. ಎದುರಿಗೆ ಕೂರದೆ ಸಿಂಕಿಗೆ ಹೋಗಿ ಪಾತ್ರೆ ತೊಳೆಯತೊಡಗಿದ. ನೆಲವೆಲ್ಲ ನೀರು. ಉಪ್ಪು ಬೇಕೆನಿಸಿತು, ಬೆರಿಲ್ ಏಳಲಿಲ್ಲ, ಅವನನ್ನೂ ಕೇಳಲಿಲ್ಲ. ಎರಡು ಕೈಯನ್ನೂ ಮೇಜಿನ ಮೇಲೆ ಊರಿ ನಿಧಾನವಾಗಿ ತಿಂದಳು. ಬೀನ್ಸ್ ಕೊನೆಯ ತುತ್ತಿನವರೆಗೂ ಬಿಸಿಯಾಗಿಯೇ ಇತ್ತು.